ಬಿಸಿಲಿನ ಮಾತು ಹೇಳಿದವರು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹೆಣ್ಣುಮಕ್ಕಳಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೋಳಿ ಹುಣ್ಣಿಮೆ ಮುಗಿಯುವಷ್ಟರಲ್ಲಿ ಘಟಪ್ರಭೆಯ ನೀರು ಇಳಿದು, ಗೋಕಾಕ ಫಾಲ್ಸಿನ ಬಂಡೆಗಳು ಬರಿಮೈಯಾಗಿ ಕಾದಿರುತ್ತವೆ. ಆ ಹೊತ್ತಿನಲ್ಲಿ ಕಬ್ಬಿನ ಹೊಲಕ್ಕೆ ಹೋಗುವ ಹೆಂಗಸರನ್ನು ನೋಡಿ. ಸೀರೆಯ ಮೇಲೆ ಗಂಡನದೋ ಮಗನದೋ ಒಂದು ಹಳೆಯ ತುಂಬುತೋಳಿನ ಅಂಗಿ, ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಟಾವೆಲ್ಲು. ರವದಿ ಕೈಯನ್ನು ಕೊಯ್ಯಬಾರದೆಂದು ತೊಟ್ಟ ಅಂಗಿಯೇ ಬಿಸಿಲನ್ನೂ ತಡೆಯುತ್ತದೆ. ಈ ವೇಷವನ್ನು ಅವರಿಗೆ ಯಾವ ಜಾಹೀರಾತೂ ಕಲಿಸಲಿಲ್ಲ, ಯಾವ ಸರಕಾರವೂ ಹೇಳಲಿಲ್ಲ. ಅತ್ತೆಯನ್ನು ನೋಡಿ ಸೊಸೆ ಕಲಿತಳು, ಅಷ್ಟೇ.

ಆದರೆ ಕಳೆದ ನೂರು ವರ್ಷಗಳಲ್ಲಿ ಬಿಸಿಲಿನ ಬಗ್ಗೆ, ಚರ್ಮದ ಬಗ್ಗೆ ನಮಗೆ ಹೇಳಲು ಬಂದವರು ಬಹಳ ಜನ. ಗೋಡೆಗಳು ಹೇಳಿದವು, ರೇಡಿಯೋ ಹೇಳಿತು, ಟೀವಿ ಹೇಳಿತು, ಡಾಕ್ಟರರೂ ಹೇಳಿದರು. ಯಾರು ಏನು ಹೇಳಿದರು, ಯಾರಿಗೆ ಹೇಳಿದರು, ಯಾರಿಗೆ ಹೇಳುವುದನ್ನು ಮರೆತರು ಎಂಬ ಲೆಕ್ಕವನ್ನು ಒಮ್ಮೆ ಹಾಕಬೇಕೆಂದು ನನಗೆ ಬಹುದಿನಗಳಿಂದ ಅನಿಸಿತ್ತು. ಇತಿಹಾಸ ಎಂದರೆ ರಾಜರ ವಂಶಾವಳಿ ಎಂದು ನನ್ನ ವಿದ್ಯಾರ್ಥಿನಿಯರು ತಿಳಿದುಕೊಂಡಿದ್ದಾರೆ. ಮುಖಕ್ಕೆ ಹಚ್ಚುವ ಡಬ್ಬಿಗೂ ಇತಿಹಾಸವಿದೆ ಎಂದರೆ ನಗುತ್ತಾರೆ.

ಆ ಡಬ್ಬಿಯಿಂದಲೇ ಶುರುಮಾಡೋಣ. ನಮ್ಮ ಆಯಿಯ ಕಾಲದವರು ಮುಖಕ್ಕೆ ಅರಿಷಿಣ, ಕಡಲೆಹಿಟ್ಟು ಬಿಟ್ಟರೆ ಬೇರೆ ಕಂಡವರಲ್ಲ. ಪೇಟೆಯ ಮನೆಗಳಲ್ಲಿ ಮಾತ್ರ ಒಂದು ನೀಲಿ ಡಬ್ಬಿ ಇರುತ್ತಿತ್ತು: ಅಫಘಾನ್ ಸ್ನೋ. 1919ರಲ್ಲಿ ಮುಂಬಯಿಯ ಇ. ಎಸ್. ಪಾಟಣವಾಲಾ ಅವರು ಹೊರತಂದ ಈ ಸ್ನೋ ನಮ್ಮ ದೇಶದ ಮೊದಲ ಸೌಂದರ್ಯ ಕ್ರೀಮುಗಳಲ್ಲಿ ಒಂದು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿಯ ಶೋಕಿ ನಮ್ಮಲ್ಲಿಗೆ ಬೇಗ ಬರುತ್ತಿತ್ತು. ಆದರೂ ಅದು ಮದುವೆ ಮುಂಜಿವೆಯಲ್ಲಿ ಹಚ್ಚಿಕೊಳ್ಳುವ ವಸ್ತು. ಹಚ್ಚದಿದ್ದರೆ ಬಾಳು ಹಾಳಾದೀತೆಂದು ಯಾರೂ ಹೆದರಿಸುತ್ತಿರಲಿಲ್ಲ.

ಹೆದರಿಕೆ ಬಂದದ್ದು 1975ರಲ್ಲಿ. ಆ ವರ್ಷ ಹಿಂದೂಸ್ತಾನ್ ಲೀವರ್ ಕಂಪನಿ ಫೇರ್ ಅಂಡ್ ಲವ್ಲಿಯನ್ನು ಪೇಟೆಗೆ ತಂದಿತು. ನನ್ನ ಓರಗೆಯವರೆಲ್ಲ ಆ ಕ್ರೀಮಿನ ಜೊತೆಗೇ ದೊಡ್ಡವರಾದವರು. ಎಂಬತ್ತರ ದಶಕದಲ್ಲಿ ಓಣಿಗೊಂದು ಟೀವಿ ಬಂದಾಗ, ಭಾನುವಾರದ ಸಿನಿಮಾದ ನಡುವೆ ಕಪ್ಪು ಹುಡುಗಿಯೊಬ್ಬಳು ಕನ್ನಡಿಯ ಮುಂದೆ ಮುಖ ಬಾಡಿಸಿಕೊಂಡು ನಿಲ್ಲುವುದು, ಕೆಲವೇ ವಾರಗಳಲ್ಲಿ ಬೆಳ್ಳಗಾಗುವುದು, ಗಂಡಿನ ಕಡೆಯವರು ಒಪ್ಪುವುದು ಎಲ್ಲವನ್ನೂ ನಾವು ಚಾಪೆಯ ಮೇಲೆ ಕುಳಿತು ನೋಡಿದೆವು. ಆ ಜಾಹೀರಾತಿನಲ್ಲಿ ಬಿಸಿಲು ಖಳನಾಯಕ. ಬಿಸಿಲಿಗೆ ಹೋದರೆ ಕಪ್ಪಾಗುತ್ತೀಯೆ, ಕಪ್ಪಾದರೆ ಮದುವೆಯಾಗದು. ಬಿಸಿಲಿನ ಬಗ್ಗೆ ನಮ್ಮ ಪೀಳಿಗೆಗೆ ಸಿಕ್ಕ ಮೊದಲ ಸಂದೇಶ ಇದು. ಚರ್ಮಕ್ಕೆ ಏನಾಗುತ್ತದೆ ಎಂಬುದು ಅದರಲ್ಲಿ ಇರಲೇ ಇಲ್ಲ. ಜನ ಏನು ಅಂದಾರು ಎಂಬುದಷ್ಟೇ ಇತ್ತು.

ಅದೇ ವರ್ಷಗಳಲ್ಲಿ ನಮ್ಮ ಊರಿನ ಗೋಡೆಗಳ ಮೇಲೆ ಚರ್ಮದ ಬಗ್ಗೆಯೇ ಇನ್ನೊಂದು ಸಂದೇಶವಿತ್ತು. ಅದಕ್ಕೆ ಬಣ್ಣದ ನಟಿಯರಿರಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಕೆಮ್ಮಣ್ಣು ಬಣ್ಣದ ಡೊಂಕು ಅಕ್ಷರಗಳಲ್ಲಿ ಬರೆದಿರುತ್ತಿದ್ದರು. ಮೈಮೇಲೆ ತಿಳಿಬಣ್ಣದ ಮಚ್ಚೆ ಇದೆಯೇ, ಮುಟ್ಟಿದರೆ ಸ್ಪರ್ಶ ತಿಳಿಯುವುದಿಲ್ಲವೇ, ಹಾಗಿದ್ದರೆ ಅದು ಕುಷ್ಠವಿರಬಹುದು, ಆಸ್ಪತ್ರೆಗೆ ಬನ್ನಿ, ಔಷಧ ಪುಕ್ಕಟೆ, ರೋಗ ವಾಸಿಯಾಗುತ್ತದೆ ಎಂಬ ಅರ್ಥದ ಮಾತುಗಳು. 1955ರಲ್ಲಿ ಶುರುವಾದ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮವನ್ನು 1983ರಲ್ಲಿ ನಿರ್ಮೂಲನ ಕಾರ್ಯಕ್ರಮವೆಂದು ಬದಲಿಸಿ, ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಹೊಸ ಚಿಕಿತ್ಸೆ ತಂದಾಗ ಈ ಗೋಡೆ ಬರಹಗಳು ಊರೂರಿಗೆ ಬಂದವು. ನಮ್ಮವರು 'ದೊಡ್ಡ ರೋಗ' ಎಂದು ಹೆಸರು ಹೇಳಲೂ ಅಂಜುತ್ತಿದ್ದ ಕಾಯಿಲೆ ಅದು. ಅಂಥದ್ದನ್ನು ಗೋಡೆಯ ಮೇಲೆ ಬರೆದು, ಸಾಲಿಗೆ ಹೋಗುವ ಹುಡುಗರೂ ಓದಿ ಹೇಳುವಂತೆ ಮಾಡಿದರು. 2005ರ ಡಿಸೆಂಬರಿನಲ್ಲಿ ದೇಶದ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಉಳಿದರು. ರೋಗ ಪೂರ್ತಿ ಹೋಗಿಲ್ಲ. ಹೊಸ ರೋಗಿಗಳು ಈಗಲೂ ಸಿಗುತ್ತಾರೆ. ಆದರೆ ಕೆಲಸ ಮಾಡಿದ್ದು ಔಷಧ ಒಂದೇ ಅಲ್ಲ, ಆ ಗೋಡೆಯೂ ಮಾಡಿತು ಎಂದು ನಾನು ನಂಬಿದ್ದೇನೆ.

ಎರಡೂ ಸಂದೇಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದು, ಏನನ್ನು ನೋಡಿಕೊಳ್ಳಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳಿತು. ಇನ್ನೊಂದು, ಯಾತಕ್ಕೆ ಅಂಜಬೇಕು, ಏನನ್ನು ಕೊಳ್ಳಬೇಕು ಎಂದು ಹೇಳಿತು. ಸನ್‌ಸ್ಕ್ರೀನ್ ಎಂಬ ವಸ್ತು ನಮ್ಮ ಸಣ್ಣ ಊರುಗಳಿಗೆ ಬಂದಾಗ ಅದು ಎರಡನೆಯದರ ಕೈ ಹಿಡಿದುಕೊಂಡೇ ಬಂತು. ಅನರ್ಥವೆಲ್ಲ ಅಲ್ಲಿಂದ ಆಯಿತು.

ಪಶ್ಚಿಮದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಬಿಸಿಲು ಒಂದು ಕಾಲಕ್ಕೆ ಔಷಧವಾಗಿತ್ತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದದ್ದಕ್ಕೆ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಹುಮಾನ ಬಂತು. ಕ್ಷಯರೋಗಿಗಳನ್ನು ಬೆಟ್ಟದ ಮೇಲಿನ ಆಸ್ಪತ್ರೆಗಳಲ್ಲಿ ಬಿಸಿಲಿಗೆ ಮಲಗಿಸುತ್ತಿದ್ದರು. ಹೊಲದಲ್ಲಿ ದುಡಿಯುವವರ ಮೈ ಕಂದು, ಮಹಲಿನಲ್ಲಿ ಇರುವವರ ಮೈ ಬಿಳುಪು ಎಂಬ ಹಳೆಯ ಅಳತೆ ಅಲ್ಲೂ ಇತ್ತು. ಕಾರಖಾನೆಗಳು ಬಂದ ಮೇಲೆ ಬಡವರು ಒಳಗೆ ಸೇರಿ ಬಿಳಿಚಿಕೊಂಡರು, ಸಮುದ್ರ ದಂಡೆಗೆ ಹೋಗುವ ಶಕ್ತಿ ಇದ್ದ ಶ್ರೀಮಂತರು ಕಂದಾದರು. 1920ರ ದಶಕದಲ್ಲಿ ಪ್ಯಾರಿಸಿನ ಕೊಕೊ ಶನೆಲ್ ಅಂಥವರು ಬಿಸಿಲಿಗೆ ಕಂದಿದ ಮೈಯನ್ನು ಶೋಕಿ ಮಾಡಿದರು. ಆ ಮೇಲೆ ಅರ್ಧ ಶತಮಾನ ಬಿಳಿಯ ಹೆಣ್ಣುಮಕ್ಕಳು ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಬಿದ್ದುಕೊಂಡರು. ನಾವು ಬೆಳ್ಳಗಾಗಲು ದುಡ್ಡು ಸುರಿಯುವಾಗ ಅವರು ಕಪ್ಪಾಗಲು ಸುರಿಯುತ್ತಿದ್ದರು. ಎರಡು ಕಡೆಯೂ ಲಾಭ ಡಬ್ಬಿ ಮಾರುವವನಿಗೆ!

ಅದರ ಬೆಲೆಯನ್ನು ಹೆಚ್ಚು ತೆತ್ತದ್ದು ಆಸ್ಟ್ರೇಲಿಯಾ. ಇಂಗ್ಲೆಂಡಿನ ಮೋಡದ ಕೆಳಗೆ ಹುಟ್ಟಿದ ಚರ್ಮವನ್ನು ಹೊತ್ತುಕೊಂಡು ಉರಿಬಿಸಿಲಿನ ನಾಡಿಗೆ ಹೋದವರ ದೇಶ ಅದು. ಅಲ್ಲಿ ಮೂವರಲ್ಲಿ ಇಬ್ಬರಿಗೆ 70 ವರ್ಷದೊಳಗೆ ಯಾವುದಾದರೂ ಬಗೆಯ ಚರ್ಮದ ಕ್ಯಾನ್ಸರು ಬರುತ್ತದೆಂದು ಅಲ್ಲಿಯ ಲೆಕ್ಕ. 1981ರಲ್ಲಿ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರು ನಿವಾರಣಾ ಸಂಸ್ಥೆ ಟೀವಿಯಲ್ಲಿ ಒಂದು ಹಾಡು ಬಿಟ್ಟಿತು. ಸಿಡ್ ಎಂಬ ಕಡಲಹಕ್ಕಿ ಕುಣಿಯುತ್ತ ಮೂರು ಮಾತು ಹೇಳುತ್ತದೆ: ಅಂಗಿ ತೊಡಿ, ಕ್ರೀಮು ಬಳಿಯಿರಿ, ಟೊಪ್ಪಿಗೆ ಏರಿಸಿ. ಇಂಗ್ಲಿಷಿನಲ್ಲಿ ಮೂರೂ ಪ್ರಾಸದ ಪದಗಳು. 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಎಂದೇ ಆ ಆಂದೋಲನ ಹೆಸರಾಯಿತು. ಅದರಲ್ಲಿ ಹೆದರಿಕೆಯ ಮಾತಿಲ್ಲ. ಸತ್ತವರ ಚಿತ್ರವಿಲ್ಲ. ಮೂರು ವರ್ಷದ ಮಗುವೂ ಮಾಡಬಹುದಾದ ಮೂರು ಕೆಲಸಗಳಿವೆ. ಆಮೇಲೆ ಶಾಲೆಗಳಲ್ಲಿ ಟೊಪ್ಪಿಗೆ ಇಲ್ಲದ ಮಗುವಿಗೆ ಬಯಲಿನಲ್ಲಿ ಆಟವಿಲ್ಲ ಎಂಬ ನಿಯಮ ಬಂತು. 2007ರಲ್ಲಿ ನೆರಳು ಹುಡುಕಿ, ತಂಪು ಕನ್ನಡಕ ಹಾಕಿ ಎಂಬ ಇನ್ನೆರಡು ಮಾತು ಸೇರಿದವು. ಹಾಡಿನಲ್ಲಿ ಅಂಗಿಯೇ ಮೊದಲು, ಕ್ರೀಮು ಆಮೇಲೆ ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ. ನಮ್ಮ ಕಬ್ಬಿನ ಹೊಲದ ಹೆಂಗಸು ಆ ಮೂರರಲ್ಲಿ ಎರಡನ್ನು ಕೇಳದೆಯೇ ಮಾಡಿದ್ದಾಳೆ.

ಕ್ರೀಮು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದೇ ದೇಶದ ನಂಬೂರ್ ಎಂಬ ಊರಿನಲ್ಲಿ 1992ರಲ್ಲಿ 1600ಕ್ಕೂ ಹೆಚ್ಚು ಜನರನ್ನು ಆರಿಸಿ, ಅರ್ಧ ಜನರಿಗೆ ದಿನಾಲೂ ತಲೆ, ಕುತ್ತಿಗೆ, ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲು ಹೇಳಿ, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟರು. ನಾಲ್ಕೂವರೆ ವರ್ಷಗಳ ಮೇಲೆ ನೋಡಿದರೆ ದಿನಾಲೂ ಹಚ್ಚಿಕೊಂಡವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರು ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಗಿತ್ತು. 1999ರಲ್ಲಿ ಇದು ಪ್ರಕಟವಾಯಿತು. ಬಿಸಿಲು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರು ಸಂಶೋಧನಾ ಸಂಸ್ಥೆ 1992ರಲ್ಲಿಯೇ ಒಪ್ಪಿತ್ತು.

ಹೇಗೆ ಹೇಳಿದರೆ ಜನ ಕೇಳುತ್ತಾರೆ ಎಂಬುದನ್ನೂ ಅಮೆರಿಕದವರು ಪರೀಕ್ಷೆ ಮಾಡಿ ನೋಡಿದ್ದಾರೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಮುದ್ರ ದಂಡೆಯಲ್ಲಿದ್ದ 217 ಜನರಿಗೆ ಸಣ್ಣ ಪುಸ್ತಿಕೆಗಳನ್ನು ಹಂಚಿದರು. ಹಚ್ಚಿಕೊಂಡರೆ ನಿಮ್ಮ ಚರ್ಮ ಚೆನ್ನಾಗಿ ಉಳಿಯುತ್ತದೆ ಎಂದು ಕೆಲವರಿಗೆ, ಹಚ್ಚದಿದ್ದರೆ ರೋಗ ಬಂದೀತು ಎಂದು ಕೆಲವರಿಗೆ. ಆಮೇಲೆ ಸನ್‌ಸ್ಕ್ರೀನಿನ ಚೀಟಿ ಕೊಟ್ಟಾಗ, ಒಳ್ಳೆಯದಾಗುತ್ತದೆ ಎಂಬ ಮಾತು ಓದಿದವರೇ ಹೆಚ್ಚಾಗಿ ಹೋಗಿ ಅದನ್ನು ತೆಗೆದುಕೊಂಡರು. ಮೂವತ್ತು ವರ್ಷ ಪಾಠ ಹೇಳಿದ ಯಾವ ಅಕ್ಕಾರಿಗೂ ಇದು ಹೊಸದಲ್ಲ. ನಪಾಸಾಗುತ್ತೀ ಎಂದರೆ ಹುಡುಗಿ ಪುಸ್ತಕ ಮುಚ್ಚುತ್ತಾಳೆ, ಇಷ್ಟು ಓದಿದರೆ ಪಾಸಾಗುತ್ತೀ ಎಂದರೆ ತೆರೆಯುತ್ತಾಳೆ.

ಇಷ್ಟೆಲ್ಲ ತಿಳಿದ ಮೇಲೆ ಆಸ್ಟ್ರೇಲಿಯಾದ ಹಾಡನ್ನೇ ಕನ್ನಡಕ್ಕೆ ತಂದು ಮೂಡಲಗಿಯ ಸಂತೆಯಲ್ಲಿ ಹಾಡಿಸಿದರೆ ಸಾಕೇ? ಸಾಲದು. ನಮ್ಮ ಚರ್ಮವೇ ಬೇರೆ. ನಾವು ಕಪ್ಪು ಎಂದು ಹಳಿದುಕೊಳ್ಳುವ ಆ ಬಣ್ಣ, ಮೆಲನಿನ್, ಬಿಸಿಲಿನ ಕೇಡನ್ನು ಒಳಗೆ ಬಿಡದ ಪರದೆ. ನಮ್ಮ ದೇಶದ ಒಟ್ಟು ಕ್ಯಾನ್ಸರುಗಳಲ್ಲಿ ಚರ್ಮದ್ದು ನೂರಕ್ಕೆ ಒಂದೋ ಎರಡೋ ಎನ್ನುತ್ತಾರೆ. ಯಾವ ಬಣ್ಣವನ್ನು ಅಳಿಸಲು ಐವತ್ತು ವರ್ಷ ಕ್ರೀಮು ತಿಕ್ಕಿದೆವೋ ಅದೇ ಬಣ್ಣ ನಮ್ಮನ್ನು ಕಾಯುತ್ತಿತ್ತು! ಹಾಗೆಂದು ನಮಗೆ ಚರ್ಮದ ಕ್ಯಾನ್ಸರು ಬರುವುದೇ ಇಲ್ಲವೆಂದಲ್ಲ. ಬರುತ್ತದೆ, ಆದರೆ ಬೇರೆ ಬಾಗಿಲಿನಿಂದ ಬರುತ್ತದೆ.

ಕಾಶ್ಮೀರದವರು ಚಳಿಗೆ ಕೆಂಡದ ಕಾಂಗಡಿಯನ್ನು ಉಡುಪಿನೊಳಗೆ ಹಿಡಿದುಕೊಳ್ಳುತ್ತಾರೆ. ಅವರಿಗೆ ಹೊಟ್ಟೆ, ತೊಡೆಯ ಚರ್ಮದ ಮೇಲೆ ಕ್ಯಾನ್ಸರು ಬರುವುದನ್ನು ಡಾಕ್ಟರ್ ಎಲ್ಮ್‌ಸ್ಲಿ ಎಂಬ ಮಿಶನರಿ ವೈದ್ಯರು 1866ರಲ್ಲಿಯೇ ಬರೆದಿಟ್ಟರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರ್ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಅವರು 1945ರಲ್ಲಿ ಇನ್ನೊಂದನ್ನು ಬರೆದರು. ಧೋತರವನ್ನು ಸೊಂಟಕ್ಕೆ ಬಿಗಿದು ಕಟ್ಟುವ ಜಾಗದಲ್ಲಿ ಬರುವ ಕ್ಯಾನ್ಸರು ಅದು, ಧೋತಿ ಕ್ಯಾನ್ಸರು ಎಂದೇ ಹೆಸರಾಯಿತು. ಧೋತರಕ್ಕೆ ಬಂದದ್ದು ಸೀರೆಗೆ ಬಾರದೆ ಇದ್ದೀತೇ? ಸೀರೆ ಕ್ಯಾನ್ಸರು ಎಂಬ ಹೆಸರೂ ವೈದ್ಯರ ಬರಹಗಳಲ್ಲಿ ಬಂತು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ಮುದುಕಿಯರ ವಿಷಯವನ್ನು ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಪೇಪರಿನವರು ಅದನ್ನು ಪೆಟಿಕೋಟ್ ಕ್ಯಾನ್ಸರು ಎಂದು ಕರೆದರು. ಲಾಡಿಯನ್ನೋ ಸೀರೆಯನ್ನೋ ಹತ್ತಾರು ವರ್ಷ ಒಂದೇ ಜಾಗದಲ್ಲಿ ಬಿಗಿದು, ಮೊದಲು ಚರ್ಮ ಕಪ್ಪಾಗಿ ಸಿಪ್ಪೆ ಏಳುತ್ತದೆ, ಆಮೇಲೆ ಬೆವರು, ತಿಕ್ಕಾಟ ಸೇರಿ ಗಾಯವಾಗುತ್ತದೆ, ಮಾಯದ ಗಾಯ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುತ್ತದೆ.

ಇದನ್ನು ಓದಿದ ದಿನ ನನಗೆ ಹುಕ್ಕೇರಿ ಕಡೆಯ ನನ್ನ ಸೋದರತ್ತೆ ನೆನಪಾದರು. ಹದಿನೆಂಟು ಮೊಳದ ಇಲಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊಲ ಮನೆ ಎರಡನ್ನೂ ನಡೆಸಿದ ಹೆಂಗಸು. ವಯಸ್ಸಾದ ಮೇಲೆ ಸೊಸೆ ಪರಕರ ಉಡುವುದನ್ನು ರೂಢಿ ಮಾಡಿಸಿದಳು. ಆ ಲಾಡಿಯನ್ನೂ ಅತ್ತೆ ಕಚ್ಚೆಯ ಬಿಗಿಯಲ್ಲಿಯೇ ಕಟ್ಟುತ್ತಿದ್ದರು. ಸೊಂಟದ ಬಲಮಗ್ಗುಲಿಗೆ ಅಂಗೈಯಗಲ ಕಪ್ಪು ಹತ್ತಿ, ನಡುವೆ ಒಂದು ಹುಣ್ಣಾಗಿ, ಅದಕ್ಕೆ ಅರಿಷಿಣ, ಬೇವಿನ ಎಣ್ಣೆ, ಕೊನೆಗೆ ಕಾಲಿನ ಬಿರುಕಿಗೆ ತಂದ ಮುಲಾಮು ಎಲ್ಲ ಆಗಿತ್ತು. ಗಂಡುಮಕ್ಕಳಿಗೆ ಹೇಳಲಿಲ್ಲ. "ಅಲ್ಲೆ ಏನ್ ತೋರ್ಸೂದವ್ವಾ, ನಾಚಿಕಿಗೇಡು" ಎಂದು ನನಗೂ ಎರಡು ವರ್ಷ ಹೇಳಲಿಲ್ಲ. ಬೆಳಗಾವಿಯಲ್ಲಿ ಚರ್ಮದ ಡಾಕ್ಟರರು ಸಣ್ಣ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕ್ಯಾನ್ಸರು ಇರಲಿಲ್ಲ. ಲಾಡಿ ಸಡಿಲಿಸಿರಿ, ಹಗ್ಗದಂಥ ಲಾಡಿ ಬೇಡ, ಅಗಲ ಪಟ್ಟಿ ಇರಲಿ, ಕಟ್ಟುವ ಜಾಗ ದಿನಾ ಬದಲಾಗಲಿ ಎಂದು ಹೇಳಿ ಕಳಿಸಿದರು. ಹುಣ್ಣು ಎರಡು ತಿಂಗಳಿಗೆ ಮಾಯಿತು. ಕಪ್ಪು ಇನ್ನೂ ಇದೆ.

ಇನ್ನೂ ಒಂದು ಬಾಗಿಲು ನಮ್ಮ ಅಡಿಗೆಮನೆಯದು. ಎಂದೋ ಸುಟ್ಟ ಗಾಯದ ಕಲೆ ಹತ್ತಿಪ್ಪತ್ತು ವರ್ಷದ ಮೇಲೆ ಬಿರಿದು ಹುಣ್ಣಾಗಿ ಮಾಯದೆ ಉಳಿದರೆ ಅದನ್ನೂ ತೋರಿಸಬೇಕು, ಅದರಲ್ಲಿಯೂ ಕ್ಯಾನ್ಸರು ಹುಟ್ಟುವುದುಂಟು. ಸ್ಟೋವು ಒಡೆದು, ಒಲೆಯ ಮುಂದೆ ಸೆರಗು ಹತ್ತಿ ಸುಟ್ಟುಕೊಂಡು ಬದುಕಿದ ಹೆಂಗಸರು ನಮ್ಮ ಓಣಿಗಳಲ್ಲಿ ಎಷ್ಟಿಲ್ಲ! ಕಪ್ಪು ಚರ್ಮದವರಿಗೆ ಬರುವ ಮೆಲನೋಮ ಎಂಬ ಕೆಟ್ಟ ಬಗೆಯದು ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನ ಕೆಳಗೇ ಹೆಚ್ಚು. 1981ರಲ್ಲಿ ತೀರಿಕೊಂಡ ಜಮೈಕಾದ ಗಾಯಕ ಬಾಬ್ ಮಾರ್ಲೆಯ ರೋಗ ಕಾಲಬೆರಳಿನ ಉಗುರಿನ ಕೆಳಗೆ ಶುರುವಾಗಿತ್ತು. ಈ ಯಾವುದನ್ನೂ ಯಾವ ಕ್ರೀಮೂ ತಡೆಯುವುದಿಲ್ಲ. ಇದಕ್ಕೆಲ್ಲ ಬೇಕಾದದ್ದು ಕುಷ್ಠದ ಗೋಡೆ ಬರಹದಂಥ ಮಾತು: ಇದನ್ನು ನೋಡಿಕೊಳ್ಳಿ, ತಿಂಗಳೊಳಗೆ ಮಾಯದಿದ್ದರೆ ತೋರಿಸಿ.

ಹಾಗಾದರೆ ನಮ್ಮೂರಿನಲ್ಲಿ ಸನ್‌ಸ್ಕ್ರೀನ್ ನಿಜವಾಗಿ ಯಾರಿಗೆ ಬೇಕು? ಅದನ್ನು ನನಗೆ ತಿಳಿಸಿದವಳು ಎಂಟನೆಯ ಇಯತ್ತೆಯ ಒಬ್ಬ ಹುಡುಗಿ.

ನಾನು ಆಗ ಕೆಲಸಕ್ಕಿದ್ದ ಶಾಲೆಗೆ ಹಳ್ಳಿಯಿಂದ ಬರುತ್ತಿದ್ದಳು. ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲ. ಕೂದಲು ಜೋಳದ ತೆನೆಯ ನವಿರಿನಂತೆ, ಹುಬ್ಬು ಕಾಣದು, ಕಣ್ಣುಗಳು ಒಂದೆಡೆ ನಿಲ್ಲದೆ ಅದುರುತ್ತಿದ್ದವು. ಹುಡುಗರು ದೊರೆಸಾನಿ ಎಂದು ಕೂಗುತ್ತಿದ್ದರು. ಗ್ರಹಣದಲ್ಲಿ ಬಸುರಿ ಹೊರಗೆ ಹೋಗಿದ್ದಳೆಂದು ಅತ್ತೆಮನೆಯವರು ಅವಳ ತಾಯಿಯನ್ನು ದೂರಿದ್ದರು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದ ಒಂದು ದೋಷ ಮಗುವಿನಲ್ಲಿ ಕೂಡಿದಾಗ ಆಲ್ಬಿನಿಸಂ ಎಂಬ ಈ ಸ್ಥಿತಿ ಬರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ರೂಢಿಯಲ್ಲಿ ಹಾಗೆ ಕೂಡುವ ಸಂಭವ ಹೆಚ್ಚು. ಅವಳ ತಾಯಿಯೂ ಸೋದರಮಾವನನ್ನೇ ಮದುವೆಯಾದವಳು.

ಆ ಶಾಲೆಯಲ್ಲಿ ಪ್ರಾರ್ಥನೆ ಬಯಲಿನಲ್ಲಿ. ಮುಂಜಾನೆಯ ಶಾಲೆ ಇದ್ದಾಗ ಸರಿ, ಹತ್ತೂವರೆಯ ಶಾಲೆಯಾದರೆ ಬಿಸಿಲು ನೆತ್ತಿಗೆ. ಅವಳು ಒಂದು ಕೈಯನ್ನು ಹಣೆಗೆ ಮರೆ ಮಾಡಿಕೊಂಡು ನಿಲ್ಲುತ್ತಿದ್ದಳು, ಶಿಸ್ತು ಎಂದು ಕೈ ಇಳಿಸಲು ಹೇಳುತ್ತಿದ್ದರು. ಒಂದು ದಿನ ನನ್ನ ಹತ್ತಿರ ಬಂದು, "ಅಕ್ಕಾರ, ನಾ ನೆಳ್ಳಿಗೆ ನಿಂದರ್ಲೇನ್ರಿ? ಮೈ ಸುಡತೈತ್ರಿ" ಅಂದಳು. ಕುತ್ತಿಗೆಯ ಹಿಂದೆ ಚರ್ಮ ಕೆಂಪಾಗಿ ಸುಲಿದಿತ್ತು. ಹದಿಮೂರು ವರ್ಷದ ಮಗುವಿನ ಮುಖದ ಮೇಲೆ ಮುದುಕಿಯ ಚುಕ್ಕೆಗಳಿದ್ದವು.

ಆಲ್ಬಿನಿಸಂ ಇದ್ದವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರು ಬರುವ ಅಪಾಯ ಬಹಳ, ಅದೂ ಎಳೆಯ ವಯಸ್ಸಿನಲ್ಲಿ. ಆಫ್ರಿಕದ ಟಾಂಜಾನಿಯದಲ್ಲಿ ಇಂಥವರು ಹೆಚ್ಚು. ಅಲ್ಲಿಯ ಮೋಶಿ ಎಂಬ ಊರಿನ ಚರ್ಮರೋಗ ತರಬೇತಿ ಕೇಂದ್ರದಲ್ಲಿ ಸ್ಪೇನಿನ ಮಾಫಾಲ್ಡಾ ಸೋಟೊ ಎಂಬ ಔಷಧ ತಜ್ಞೆ ಅವರಿಗಾಗಿಯೇ ಕಿಲಿಸನ್ ಎಂಬ ಸನ್‌ಸ್ಕ್ರೀನ್ ತಯಾರಿಸಲು ಶುರುಮಾಡಿದರು. ಅಲ್ಲಿಯೇ ಮಾಡುತ್ತಾರೆ, ಪುಕ್ಕಟೆ ಹಂಚುತ್ತಾರೆ, ಜೊತೆಗೆ ಹಚ್ಚುವ ಬಗೆಯನ್ನೂ ಕಲಿಸುತ್ತಾರೆ. ಡಬ್ಬಿಯ ಮೇಲೆ ಬೆಳ್ಳಗಾಗುವ ಮಾತಿಲ್ಲ. ಅವರಿಗೆ ಅದರ ಅವಶ್ಯಕತೆ ಹೇಗಿದ್ದೀತು!

ನಮ್ಮ ಹುಡುಗಿಗಾಗಿ ನಾನು ಪೇಟೆಯ ಅಂಗಡಿಗಳನ್ನು ತಿರುಗಿದೆ. ಸನ್‌ಸ್ಕ್ರೀನ್ ಇತ್ತು. ಒಂದರ ಮೇಲೆ ಗೌರವರ್ಣ, ಇನ್ನೊಂದರ ಮೇಲೆ ಕಲೆರಹಿತ ಕಾಂತಿ, ಮೂರನೆಯದರ ಮೇಲೆ ಮೊದಲು ಕಪ್ಪು ಆಮೇಲೆ ಬಿಳುಪು ಮುಖಗಳ ಸಾಲು. ಮೈಯಲ್ಲಿ ಬಣ್ಣವೇ ಇಲ್ಲದೆ ನೋಯುತ್ತಿರುವ ಮಗುವಿಗೆ ಬೆಳ್ಳಗಾಗುವ ಕ್ರೀಮನ್ನು ಹೇಗೆ ಕೈಗೆ ಕೊಡುವುದು? ಅವಳ ತಾಯಿಗೆ ತೋರಿಸಿದಾಗ ಆಕೆ ಚಿತ್ರ ನೋಡಿ ಡಬ್ಬಿಯನ್ನು ತಿರುಗಿಸಿ ಇಟ್ಟಳು. "ಇದು ನಮ್ಮಂತಾವ್ರಿಗಲ್ರಿ ಅಕ್ಕಾರ." ನಿಜವಾಗಿ ಅದು ಅಂಗಡಿಗೆ ಬರುವ ಯಾರಿಗಿಂತಲೂ ಹೆಚ್ಚಾಗಿ ಆ ಮನೆಗೇ ಬೇಕಾದ ವಸ್ತು. ಐವತ್ತು ವರ್ಷದ ಜಾಹೀರಾತು ಬೇಕಾದವಳ ಕೈಯಿಂದಲೇ ಅದನ್ನು ಕಿತ್ತುಕೊಂಡಿತ್ತು.

ಕೊನೆಗೆ ಚರ್ಮದ ಡಾಕ್ಟರರು ಚಿತ್ರವಿಲ್ಲದ ಒಂದು ಟ್ಯೂಬನ್ನು ಬರೆದುಕೊಟ್ಟರು, ಎಸ್.ಪಿ.ಎಫ್. 30ರದು. ಆ ಅಂಕಿ ಚರ್ಮವನ್ನು ಸುಡುವ ಕಿರಣಗಳನ್ನು ತಡೆಯುವ ಅಳತೆ. 15ರದು ನೂರಕ್ಕೆ ಸುಮಾರು 93 ಪಾಲು, 30ರದು ಸುಮಾರು 97 ಪಾಲು ತಡೆಯುತ್ತದೆ, ಅದೂ ದಪ್ಪಗೆ ಹಚ್ಚಿ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿದರೆ. ತಿಂಗಳಿಡೀ ಹಾಗೆ ಹಚ್ಚಲು ಆ ಮನೆಯ ರೊಕ್ಕ ಸಾಲದು. ಅದಕ್ಕೇ ಡಾಕ್ಟರರು ಮೊದಲು ಬರೆದದ್ದು ತುಂಬುತೋಳಿನ ದಪ್ಪ ಅಂಗಿ, ಅಗಲ ಅಂಚಿನ ಟೊಪ್ಪಿಗೆ, ತಂಪು ಕನ್ನಡಕ. ಟ್ಯೂಬು ಮುಖಕ್ಕೆ, ಕಿವಿಗೆ, ಮುಂಗೈಗೆ ಮಾತ್ರ. ಹೆಡ್‌ಮಾಸ್ತರರಿಗೆ ಆ ಚೀಟಿ ತೋರಿಸಿದ ಮೇಲೆ ಪ್ರಾರ್ಥನೆಯ ಸಾಲು ಬೇವಿನ ಗಿಡದ ಕಡೆ ತಿರುಗಿತು. ಟೊಪ್ಪಿಗೆಯಲ್ಲಿ ಅವಳೊಬ್ಬಳೇ ಎದ್ದು ಕಾಣಬಾರದೆಂದು ಆಟದ ಅವಧಿಗೆ ಇಡೀ ವರ್ಗವೇ ಟೊಪ್ಪಿಗೆ ಹಾಕುವ ರೂಢಿ ಮಾಡಿದೆವು.

ವರ್ಗದ ಮಕ್ಕಳಿಗೆ ನಾನು ಕಲಿಸಿದ್ದು ನೆರಳಿನ ಲೆಕ್ಕ. ನಿನ್ನ ನೆರಳು ನಿನಗಿಂತ ಗಿಡ್ಡ ಇದ್ದರೆ ಬಿಸಿಲು ಜೋರು, ಗಿಡದ ಕೆಳಗೆ ಹೋಗು. ಉದ್ದ ಇದ್ದರೆ ಆಡು. ಗಡಿಯಾರ ಬೇಡ, ದುಡ್ಡು ಬೇಡ. ಅವರು ಅದನ್ನು ಆಟವಾಗಿ ಮಾಡಿಕೊಂಡರು.

ಬೆಳ್ಳಗಾಗುವ ಮಾತಿನ ಇನ್ನೊಂದು ಫಲವನ್ನು ಹೇಳದೆ ಮುಂದೆ ಹೋಗಲಾರೆ. ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತಿದ್ದ ಸ್ಟಿರಾಯ್ಡ್ ಮುಲಾಮುಗಳನ್ನು ನಮ್ಮ ಹುಡುಗಿಯರು ಮುಖಕ್ಕೆ ದಿನಾ ಹಚ್ಚಿದರು. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಕೂದಲು ಬೆಳೆದು, ಬಿಸಿಲಿಗೆ ಕಾಲಿಟ್ಟರೆ ಉರಿ. ಬಿಟ್ಟರೆ ಇನ್ನೂ ಜೋರು. ಚರ್ಮವೈದ್ಯರ ಸಂಘದವರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರಕಾರ ಇಂಥ 14 ಬಗೆಯ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದಿತು.

ಜಾಹೀರಾತಿಗೆ ಎದುರು ಮಾತಾಡಿದವರೂ ಹೆಣ್ಣುಮಕ್ಕಳೇ. ಮಗನಿಲ್ಲವೆಂದು ಕೊರಗುವ ತಂದೆ, ಕ್ರೀಮು ಹಚ್ಚಿ ವಿಮಾನದ ನೌಕರಿ ಹಿಡಿಯುವ ಮಗಳು ಇದ್ದ ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟಿತು, 2003ರಲ್ಲಿ ಅದು ಟೀವಿಯಿಂದ ಹೋಯಿತು. 2009ರಲ್ಲಿ ಚೆನ್ನೈಯ ವಿಮೆನ್ ಆಫ್ ವರ್ತ್ ಸಂಸ್ಥೆ ಕಪ್ಪೂ ಚೆಲುವೇ ಎಂಬ ಆಂದೋಲನ ಶುರುಮಾಡಿತು, ನಟಿ ನಂದಿತಾ ದಾಸ್ ಅದಕ್ಕೆ ದನಿಯಾದರು. ಕಪ್ಪು ಮೈಯವರನ್ನು ದುಃಖಿಗಳಂತೆ ತೋರಿಸಬಾರದೆಂದು ಜಾಹೀರಾತು ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿಯಾಯಿತು. ಡಬ್ಬಿಯ ಬಣ್ಣ ಹಾಗೇ ಇದೆ. ನಮ್ಮ ಓಣಿಯ ಅಂಗಡಿಯಲ್ಲಿ ಹುಡುಗಿಯರು ಈಗಲೂ ಹಳೆಯ ಹೆಸರು ಹೇಳಿಯೇ ಕೇಳುತ್ತಾರೆ.

ಸೋದರತ್ತೆಯ ವಿಷಯವಾದ ಮೇಲೆ ಮೂಡಲಗಿಯ ಒಂದು ಮಹಿಳಾ ಸಂಘದ ಸಭೆಯಲ್ಲಿ ಲಾಡಿಯ ಮಾತು ತೆಗೆದೆ. ಕ್ಯಾನ್ಸರು ಎಂಬ ಶಬ್ದದಿಂದ ಶುರುಮಾಡಲಿಲ್ಲ. "ಸೊಂಟದಾಗ ಕಪ್ಪು ಹತ್ತಿ ತುರಿಸೂದು ಯಾರ್ಯಾರಿಗೈತಿ?" ಎಂದು ಕೇಳಿದೆ. ಮೊದಲು ನಕ್ಕರು, ಒಬ್ಬರನ್ನೊಬ್ಬರು ತಿವಿದರು. ಆಮೇಲೆ ಒಂದೊಂದೇ ಕೈ ಎದ್ದಿತು, ಕೊನೆಗೆ ಎದ್ದ ಕೈಗಳೇ ಹೆಚ್ಚು. ಬಾಗಿಲು ಮುಂದೆ ಮಾಡಿ ಇಬ್ಬರು ತೋರಿಸಿದರು. ಒಬ್ಬಾಕೆಯದು ಮಾಯದ ಗಾಯ, ಆಕೆಯನ್ನು ಮರುವಾರವೇ ಮಗಳು ದವಾಖಾನೆಗೆ ಕರೆದೊಯ್ದಳು.

ಸಭೆಯಲ್ಲಿ ಹೊಲಿಗೆಯಾಕೆಯೂ ಇದ್ದಳು. ಪರಕರಕ್ಕೆ ಸಣ್ಣ ಲಾಡಿಯ ಬದಲು ನಾಲ್ಕು ಬೆರಳಿನ ಪಟ್ಟಿ ಹಚ್ಚಿ ಪಕ್ಕಕ್ಕೆ ಗುಂಡಿ ಕೊಟ್ಟರೆ ಹೇಗೆ ಎಂದು ಅವಳೇ ಅಲ್ಲೇ ಅಳತೆ ತೆಗೆದಳು. ಮೊದಲನೆಯದನ್ನು ತನ್ನ ಅತ್ತೆಗೆ ಹೊಲಿದುಕೊಟ್ಟಳಂತೆ. ಈಗ ಬ್ಲೌಸು ಹೊಲಿಸಲು ಬಂದವರಿಗೆಲ್ಲ ಆ ಪರಕರವನ್ನು ತೋರಿಸಿ, ಯಾಕೆ ಎಂದು ಕೇಳಿದವರಿಗೆ ಕಾರಣವನ್ನೂ ಹೇಳುತ್ತಾಳೆ. ಪಟ್ಟಿಗೆ ಕಾಲು ಮೀಟರ್ ಅರಿವೆ ಹೆಚ್ಚು ಬೇಕಾಗುತ್ತದೆ, ಅದರ ರೊಕ್ಕ ಬೇರೆ ತಗೊಳ್ಳುವುದಿಲ್ಲ.